ಅಡುಗೆಮನೆ ಬಾಗಿಲ ಪಕ್ಕದ ಮೇಜು

ಮಗಳ ಮದುವೆಯ ಊಟಕ್ಕೆ ಹೋಟೆಲ್ ಹುಡುಕುವವರು ನೇಪಲ್ಸ್‌ನಲ್ಲಿ ಮೊದಲು ಕೇಳುವುದು ಸಮುದ್ರ ಎಲ್ಲಿಂದ ಚೆನ್ನಾಗಿ ಕಾಣುತ್ತದೆ ಎಂದು. ಎರ್ಸಿಲಿಯಾ ಕೇಳುತ್ತಿದ್ದುದೇ ಬೇರೆ.

"ನಿಮ್ಮಲ್ಲಿ ಎಲ್ಲಕ್ಕಿಂತ ಕೆಟ್ಟ ಜಾಗ ಯಾವುದು? ಅದನ್ನ ತೋರಿಸಿ."

ದಡದ ರಸ್ತೆಯ ಪಂಚತಾರಾ ಹೋಟೆಲಿನ ಮ್ಯಾನೇಜರ್ ತನ್ನ ಕಿವಿಯನ್ನೇ ನಂಬಲಿಲ್ಲ. "ಸಿನ್ಯೋರಾ, ನಮ್ಮಲ್ಲಿ ಅಂಥ ಜಾಗವೇ ಇಲ್ಲ. ಯಾವ ಕುರ್ಚೀಲಿ ಕೂತ್ರೂ ವೆಸುವಿಯಸ್ ಬೆಟ್ಟ ಕಾಣ್ಸುತ್ತೆ."

"ಟಾಯ್ಲೆಟ್ ಪಕ್ಕ ಒಂದು ಮೇಜೂ ಇಲ್ವಾ?"

"ದೇವರಾಣೆಗೂ ಇಲ್ಲ."

"ಕಂಬದ ಹಿಂದೆ?"

"ಕಂಬಗಳೇ ಇಲ್ಲ ಸಿನ್ಯೋರಾ."

"ಮತ್ತೆ ಯಾವ ಸೌಭಾಗ್ಯಕ್ಕೆ ಐದು ನಕ್ಷತ್ರ ಹಾಕ್ಕೊಂಡಿದೀರಿ?" ಎಂದು ಎರ್ಸಿಲಿಯಾ ಕೈಚೀಲ ಎತ್ತಿಕೊಂಡು ಹೊರಟೇಬಿಟ್ಟಳು. ಅವಳ ಹಿಂದೆ ಗಂಡ ಎಟ್ಟೋರೆ ಓಡಿದ.

ಇದಕ್ಕೆಲ್ಲ ಕಾರಣ ಅವಳ ಅಕ್ಕ ಅದೆಲೀನಾ. ಅಕ್ಕನ ಮಗಳ ಮದುವೆ ಊಟ ಭಾರಿ ಹೋಟೆಲಿನಲ್ಲೇ ನಡೆದಿತ್ತು. ಬೀಗರ ಕಡೆಯ ಯಾವನೋ ಹಲ್ಲಿನ ಡಾಕ್ಟರನನ್ನು ಸಮುದ್ರದೆದುರು ಕೂರಿಸಿ, ಒಡಹುಟ್ಟಿದ ತಂಗಿಯನ್ನು ಅಡುಗೆಮನೆಯ ಬಾಗಿಲ ಬಳಿ ಕೂರಿಸಿದ್ದರು. ಸಿಗಡಿ ತಟ್ಟೆ ಹೊತ್ತ ಮಾಣಿ ಆ ಬಾಗಿಲು ತಳ್ಳಿದಾಗಲೆಲ್ಲ ಎರ್ಸಿಲಿಯಾ ತಲೆ ಬಗ್ಗಿಸಬೇಕಾಗಿತ್ತು. ಬೆಳಿಗ್ಗೆಯಿಂದ ಪಾರ್ಲರಿನಲ್ಲಿ ಕೂತು ಮಾಡಿಸಿಕೊಂಡು ಬಂದಿದ್ದ ಕೇಶಾಲಂಕಾರ ಪಾಸ್ತಾ ಬರುವ ಹೊತ್ತಿಗೆ ಕುಸಿದು ಬಿದ್ದಿತ್ತು. ಅವತ್ತೇ ಅಕ್ಕ ತಂಗಿಯರ ಮಾತು ನಿಂತಿತು. ಇಬ್ಬರಿಗೂ ಒಂದೇ ಚರ್ಚು, ಒಬ್ಬನೇ ಮೀನಿನವನು. ಒಬ್ಬಳು ಮೀನು ಆರಿಸುತ್ತಿದ್ದರೆ ಇನ್ನೊಬ್ಬಳು ನಿಂಬೆಹಣ್ಣಿನ ಅಂಗಡಿಯಲ್ಲಿ ಕಾಯುತ್ತಿದ್ದಳು.

ಈಗ ಎರ್ಸಿಲಿಯಾಳ ಒಬ್ಬಳೇ ಮಗಳು ಮಿರೆಲ್ಲಾಳ ಮದುವೆ. ಹೋಟೆಲು ಅಕ್ಕ ಹಿಡಿದಿದ್ದಕ್ಕಿಂತ ದೊಡ್ಡದಾಗಿರಬೇಕು. ಅದರೊಳಗಿನ ಒಂದು ಮೇಜು ಮಾತ್ರ ಅಕ್ಕ ಕೊಟ್ಟಿದ್ದಕ್ಕಿಂತ ಕೆಟ್ಟದಾಗಿರಬೇಕು. ಅಕ್ಕ ಅಲ್ಲಿ ಕೂತು, ಕತ್ತು ಉದ್ದ ಮಾಡಿ ಮಾಡಿ ಎಲ್ಲವನ್ನೂ ನೋಡಬೇಕು. ಮಗಳ ಸುಖ ಸಂಸಾರ, ಮೊಮ್ಮಕ್ಕಳು ಇತ್ಯಾದಿಗಳೆಲ್ಲ ಆಮೇಲಿನ ಮಾತು.

ಸಿರಿವಂತ ಹೋಟೆಲುಗಳು ಎಂಥ ನಿರಾಸೆ ತರುತ್ತವೆ ಎಂಬುದು ಆ ವಸಂತದಲ್ಲಿ ಅವಳಿಗೆ ಗೊತ್ತಾಯಿತು. ಹಿಂದೆ ಯಾವುದೋ ಡ್ಯೂಕನ ಅರಮನೆಯಾಗಿದ್ದ ಹೋಟೆಲಿನಲ್ಲಿ ಮೂಲೆಯ ಮೇಜಿನ ಮೇಲೂ ತೂಗುದೀಪ ಇತ್ತು. ಇನ್ನೊಂದರಲ್ಲಿ ಅಡುಗೆಮನೆ ನೆಲಮಾಳಿಗೆಯಲ್ಲಿತ್ತು, ಅದರ ವಾಸನೆ ಕೂಡ ಮೇಲೆ ಬರುತ್ತಿರಲಿಲ್ಲ. ಎಟ್ಟೋರೆಗೆ ಮಾತ್ರ ಈ ಅಲೆದಾಟ ಖುಷಿ ಕೊಟ್ಟಿತ್ತು. ಅವನದು ವೊಮೆರೊ ಬಡಾವಣೆಯಲ್ಲಿ ನಲ್ಲಿ, ಟೈಲ್ಸ್‌ಗಳ ಅಂಗಡಿ. ಹೋದಲ್ಲೆಲ್ಲ ಟಾಯ್ಲೆಟ್ಟಿಗೆ ನುಗ್ಗಿ, ನಲ್ಲಿ ತಿರುಗಿಸಿ, "ಥೂ, ಇದು ಚಿನ್ನ ಅಲ್ಲ ಕಣೆ, ಬರೀ ಬಣ್ಣ" ಎಂದು ಹೊರಗೆ ಬರುತ್ತಿದ್ದ.

ಕಡೆಗೆ ಪೊಸಿಲ್ಲಿಪೊ ಗುಡ್ಡದ ಏರಿನ 'ತ್ರೆ ಸಿರೇನೆ' ಹೋಟೆಲು ಸಿಕ್ಕಿತು. ಬಾಗಿಲಲ್ಲಿ ಅಮೃತಶಿಲೆಯ ಸಿಂಹಗಳು, ಒಳಗೆ ಕಾಲು ಹೂತುಹೋಗುವ ಜಮಖಾನ, ಕಿಟಕಿ ತುಂಬ ಸಮುದ್ರ. ಎರ್ಸಿಲಿಯಾ ಅದೊಂದನ್ನೂ ನೋಡದೆ ಸೀದಾ ಹಿಂದಕ್ಕೆ ನಡೆದಳು. ಅಲ್ಲಿ ಅಡ್ಡ ಒಂದು ದಪ್ಪ ಕಂಬ, ಪಕ್ಕದಲ್ಲಿ ಅಡುಗೆಮನೆಯ ಬಾಗಿಲು, ಎದುರಿಗೇ ಟಾಯ್ಲೆಟ್. ಅವಳು ಕುರ್ಚಿ ತರಿಸಿಕೊಂಡು ಕೂತು ನೋಡಿದಳು. ಸಮುದ್ರ ಒಂದು ಚೂರೂ ಕಾಣಲಿಲ್ಲ.

"ಎಟ್ಟೋರೆ, ಒಳಗೆ ಹೋಗಿ ಫ್ಲಶ್ ಮಾಡು!"

ಎಟ್ಟೋರೆ ಹೋಗಿ ಫ್ಲಶ್ ಮಾಡಿದ. "ಕೇಳಿಸ್ತಾ?"

"ಕಿವಿ ಪಕ್ಕಾನೇ ಮಾಡ್ದಂಗಿತ್ತು!" ಎರ್ಸಿಲಿಯಾಳ ಕಣ್ಣು ಹೊಳೆಯಿತು. "ಇದೇ ಗೊತ್ತು ಮಾಡೋಣ."

"ಸಿನ್ಯೋರಾ, ಇಲ್ಲಿ ನಾವು ಹೂಕುಂಡ ಇಡ್ತೀವಿ," ಎಂದ ಮ್ಯಾನೇಜರ್, ನಾಚಿಕೊಂಡು.

"ಅವತ್ತು ನಮ್ಮಕ್ಕನ್ನ ಇಡ್ತೀವಿ."

ಆಮೇಲೆ ಮಿರೆಲ್ಲಾ ಮತ್ತು ಅವಳ ಹುಡುಗ ನೆಂಟರ ಮನೆ ಮನೆಗೆ ಹೋಗಿ, ಕಾಫಿ ಕುಡಿದು ಕುಡಿದು ನಿದ್ದೆಗೆಟ್ಟು, ಕೈಯಾರೆ ಕಾಗದ ಕೊಟ್ಟು ಕರೆದು ಬಂದರು. ಉಳಿದಿದ್ದು ಒಂದೇ ಮನೆ.

"ದೊಡ್ಡಮ್ಮನ ಮನೆಗೆ ನೀನೂ ಬಾರಮ್ಮ, ಹೋಗಿ ಕರೆಯೋಣ," ಎಂದಳು ಮಿರೆಲ್ಲಾ.

"ನಾನು ಅವಳ ಹೊಸ್ತಿಲು ತುಳೀಬೇಕಾ? ಅಂಚೆಯವನು ಯಾಕಿದಾನೆ?"

"ಅಂಚೇಲಿ ಅಕ್ಕನ್ನ ಕರೀತಾರೇನಮ್ಮ?"

"ಐದು ನಕ್ಷತ್ರದ ಕಾಗದ ಕಣೆ. ಹೋಟೆಲ್ ಹೆಸರು ಓದಿದ್ರೆ ಓಡ್ಕೊಂಡ್ ಬರ್ತಾಳೆ."

ಕಾಗದ ಅಂಚೆಗೆ ಬಿತ್ತು.

ಮದುವೆಯ ದಿನ ಚರ್ಚಿನಲ್ಲಿ ಅಕ್ಕ ಕಾಣಲಿಲ್ಲ. ನೇರ ಹೋಟೆಲಿಗೇ ಬರುತ್ತಾಳೆ, ಅವಳ ಹಮ್ಮು ನನಗೆ ಗೊತ್ತಿಲ್ಲವೇ ಎಂದುಕೊಂಡಳು ಎರ್ಸಿಲಿಯಾ. ಹೋಟೆಲಿನಲ್ಲಿ ಬೀಗಿತ್ತಿ ಸಮುದ್ರ ನೋಡಿ "ಸ್ವರ್ಗ, ಸ್ವರ್ಗ" ಎನ್ನುತ್ತಿದ್ದಳು. ಎಲ್ಲರೂ ಸಮುದ್ರದ ಕಡೆ ಮುಖ ಮಾಡಿ ಕೂತರೆ, ಹುಡುಗಿಯ ತಾಯಿಯೊಬ್ಬಳು ಮಾತ್ರ ಕುರ್ಚಿ ತಿರುಗಿಸಿಕೊಂಡು ಟಾಯ್ಲೆಟ್ ನೋಡುತ್ತಿದ್ದಳು. ಹಸಿ ಸಿಗಡಿ ಬಂತು, ಕಪ್ಪೆಚಿಪ್ಪಿನ ಸಾರು ಬಂತು. ಕಂಬದ ಹಿಂದಿನ ಮೇಜಿಗೆ ಯಾರೂ ಬರಲಿಲ್ಲ.

ಎರ್ಸಿಲಿಯಾ ತನ್ನ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು. ಇದೇನಾಗುತ್ತಿದೆ ಎಂದು ಅವಳಿಗೇ ತಿಳಿಯಲಿಲ್ಲ. ಈ ಸಿಂಹ, ಈ ಜಮಖಾನ, ಬಿಳಿ ಉಡುಪಿನ ಮಗಳು, ಇವನ್ನೆಲ್ಲ ನೋಡಿ ಹೊಟ್ಟೆ ಉರಿದುಕೊಳ್ಳುವ ಹಕ್ಕು, ಕಣ್ತುಂಬ ಅಳುವ ಹಕ್ಕು ಎರಡೂ ಇದ್ದವಳು ಪ್ರಪಂಚದಲ್ಲಿ ಒಬ್ಬಳೇ. ಅವಳು ನೋಡದ ಮೇಲೆ ಇದು ಯಾರಿಗಾಗಿ?

"ಬರಲ್ಲ ಅಮ್ಮ," ಮಿರೆಲ್ಲಾ ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ಅವರು ನಿನ್ನ ಅಂಚೇಲಿ ಕರೆದಿದ್ರೆ ನೀನು ಹೋಗ್ತಿದ್ಯಾ?"

ಎರ್ಸಿಲಿಯಾ ಸತ್ತರೂ ಹೋಗುತ್ತಿರಲಿಲ್ಲ.

ಪಾಸ್ತಾ ತಡೆದು ನಿಲ್ಲಿಸಿ ಎಂದು ಮಾಣಿಗೆ ಹೇಳಿ, ಮಿಂಚುವ ಗೌನು ಎತ್ತಿ ಹಿಡಿದುಕೊಂಡು ಅವಳು ಟ್ಯಾಕ್ಸಿ ಹತ್ತಿದಳು. ಅಕ್ಕನ ಮನೆಯ ಕರೆಗಂಟೆ ಒತ್ತಿ ಬೆರಳು ತೆಗೆಯುವುದರೊಳಗೆ ಬಾಗಿಲು ತೆರೆಯಿತು. ಅದೆಲೀನಾ ನೀಲಿ ರೇಷ್ಮೆಯಲ್ಲಿ ನಿಂತಿದ್ದಳು. ಕೂದಲು ಸೆಟ್ ಮಾಡಿಸಿಕೊಂಡಿದ್ದಳು, ಕಿವಿಯಲ್ಲಿ ಅಮ್ಮನ ಮುತ್ತಿನ ಓಲೆ.

"ಯಾಕ್ ಬಂದೆ?"

"ಕರಿಯೋಕೆ."

"ಈಗಲಾ?"

"ಇನ್ನೂ ಪಾಸ್ತಾ ಬಡಿಸಿಲ್ಲ ಅಕ್ಕ."

ಒಳಗಿಂದ ಭಾವನ ದನಿ ಬಂತು. "ಅದೆಲೀನಾ, ಬಂದ್ಲಾ? ನಾನು ಬೂಟು ಬಿಚ್ಲಾ, ಬೇಡ್ವಾ? ಬೆಳಿಗ್ಗೆಯಿಂದ ಕಾಲು ನೋಯ್ತಾ ಇದೆ!"

"ಸುಮ್ನಿರು!" ಎಂದು ಗದರಿಸಿ ಅದೆಲೀನಾ ತಂಗಿಯತ್ತ ತಿರುಗಿದಳು. "ನನ್ನ ಎಲ್ಲಿ ಕೂರಿಸ್ತೀಯ?"

ಎರ್ಸಿಲಿಯಾ ನೆಲ ನೋಡಿದಳು. ಸುಳ್ಳು ಬಾಯಿಗೆ ಬಂದಿತ್ತು, ಹೊರಗೆ ಬರಲಿಲ್ಲ. "ಅಡುಗೆಮನೆ ಬಾಗಿಲ ಪಕ್ಕ. ಎದುರಿಗೆ ಟಾಯ್ಲೆಟ್. ಊರೆಲ್ಲ ಅಲೆದು ಹುಡುಕಿದೆ."

"ಅವತ್ತು ನಿಂಗೆ ಅಷ್ಟು ನೋವಾಗಿತ್ತಾ?"

"ಆಗಿತ್ತು."

"ಬಾಯಿ ಬಿಟ್ಟು ಹೇಳ್ಬಾರ್ದಾಗಿತ್ತಾ, ಕತ್ತೆ?"

"ನಿಂಗೇ ಗೊತ್ತಾಗ್ಬಾರ್ದಾಗಿತ್ತಾ?"

ಅದೆಲೀನಾ ಕಿವಿಯ ಓಲೆ ಸರಿಮಾಡಿಕೊಂಡಳು. ಆಮೇಲೆ ಒಳಗೆ ಹೋಗಿ ಗಂಡನನ್ನು ಹೊರಡಿಸಿ, ಕೈಚೀಲ ತಂದು, ಬಾಗಿಲಿಗೆ ಬೀಗ ಹಾಕಿದಳು.

"ನಡಿ. ಆದ್ರೆ ಬಾಗಿಲ ಕಡೆ ಕುರ್ಚೀಲಿ ನೀನು ಕೂತ್ಕೋಬೇಕು."