ಒಂದೇ ಸಲ ಓದುವ ಡಬ್ಬಿ

ನಾನು ಒಂದು ನೆನಪಿನ ಡಬ್ಬಿ. ಬೆಂಕಿಪೆಟ್ಟಿಗೆಯಷ್ಟು ಗಾತ್ರ. ಮುಟ್ಟಿದವರೆಲ್ಲ ಗುಟ್ಟು ಕದಿಯಲು ಬಂದವರೇ ಎಂದು ತಿಳಿಯುವುದು ನನ್ನ ಹುಟ್ಟುಗುಣ, ಏನು ಮಾಡಲಿ!

ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ವೈಜಯಂತಿ ಎಂಬಾಕೆ ನನ್ನನ್ನು ಕಟ್ಟಿದಳು. ಭಾರೀ ಸಾಮಾನೇನೂ ಇಲ್ಲ: ಗಾಜಿನ ಚೂರು, ಒಂದಿಷ್ಟು ತಂತಿ, ಚಿಕ್ಕ ಪರದೆ, ಎರಡು ಗುಂಡಿ. ಗುಟ್ಟೆಲ್ಲ ಒಳಗೆ ಹಿಡಿದಿಟ್ಟ ಬೆಳಕಿನ ಕಣಗಳಲ್ಲಿ. ಅವುಗಳಲ್ಲಿ ಎರಡು ಮಾತು ಬರೆದಿಡಬಹುದು, ಓದಲು ಸಿಗುವುದು ಒಂದೇ. ಎಡಗುಂಡಿ ಒತ್ತಿದರೆ ಬಲದ ಮಾತು ಅಳಿಯುತ್ತದೆ, ಬಲ ಒತ್ತಿದರೆ ಎಡದ್ದು. ಓದಿದ ಮಾತೂ ಒಮ್ಮೆ ಮಿಂಚಿ ಮಾಯ. ನಕಲು ಮಾಡಲು ಯಾವ ಭೂಪನಿಗೂ ಸಾಧ್ಯವಿಲ್ಲ.

ಅವಳ ಗಂಡ ಪುರಂದರ ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಹಾಕುವ ಅಧಿಕಾರಿ. ಎರಡು ಸಲ ತೂಗದೆ ಯಾವುದನ್ನೂ ನಂಬದವನು. ಮನೆಗೆ ತಂದ ಬೆಲ್ಲವನ್ನೂ ಮತ್ತೆ ತೂಗುತ್ತಿದ್ದ. "ಲ್ಯಾಬಲ್ಲಿ ಯಾರ ಜೊತೆ ಇದ್ದೆ? ನಿಜ ಹೇಳೇ," ಎಂದು ಹೆಂಡತಿಯನ್ನು ದಿನಾ ಕೇಳುವುದು, ಅವಳು ಹೇಳಿದ ಮೇಲೆ, ಊಟ ಮುಗಿಸಿ ಮತ್ತೆ ಅದನ್ನೇ ಕೇಳುವುದು. ನಾನೇ ಒಂದು ಸಂಶಯಪಿಶಾಚಿ. ಅವಳ ಕೈಚೀಲದಲ್ಲಿ ಕೂತು ಕೇಳಿಸಿಕೊಂಡ ನನಗೇ ಹೇಸಿಗೆಯಾಯಿತು.

ಒಂದು ಬೆಳಿಗ್ಗೆ ಅವಳು ನನ್ನನ್ನು ಅವನ ಕಾಫಿ ಲೋಟದ ಪಕ್ಕ ಇಟ್ಟಳು.

"ರೀ, ನಾನು ಕೆಲಸ ಬಿಟ್ಟೆ, ಮನೇನೂ ಬಿಡ್ತಿದ್ದೀನಿ. ನೀವು ಕೇಳ್ತಾನೇ ಇರೋ ಪ್ರಶ್ನೆಗೆ ಉತ್ತರ ಇದರ ಎಡಗಡೆ ಇದೆ. ನಾನು ಎಲ್ಲಿರ್ತೀನಿ ಅನ್ನೋದು ಬಲಗಡೆ ಇದೆ. ನಾನು ಬೇಕು ಅನ್ಸಿದ್ರೆ ಬನ್ನಿ. ಎರಡರಲ್ಲಿ ಒಂದೇ ಸಿಗೋದು, ಯೋಚ್ನೆ ಮಾಡಿ ಒತ್ತಿ."

"ಏನೇ ಇದು ನಾಟಕ?" ಎಂದ ಪುರಂದರ. ಅವಳು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಕಾಫಿ ಆರಿತು. ಅವನ ಬೆರಳು ಬಲಗುಂಡಿಯ ಮೇಲೆ ಬಂದು ನಿಂತಿತು. ಒತ್ತೋ ಮಾರಾಯ, ಒತ್ತು! ಹುಟ್ಟಿದ ಮೇಲೆ ಮೊದಲ ಸಲ ನಾನು ಒಬ್ಬ ಮನುಷ್ಯನನ್ನು ನಂಬಿದೆ. ಅವನು ಎಡಕ್ಕೆ ಒತ್ತಿದ.

"ನಿಮ್ಮನ್ನು ಬಿಟ್ಟು ನನಗೆ ಯಾರೂ ಇರಲಿಲ್ಲ."

ಅಕ್ಷರಗಳು ಮಿಂಚಿ ಹೋದವು. ಅವನ ಮುಖ ಅರಳಿತು. ಆಮೇಲೆ ಅಭ್ಯಾಸಬಲ ನೋಡಿ, ಅದನ್ನೇ ಮತ್ತೆ ಒತ್ತಿದ. ಖಾಲಿ. ಬಲಕ್ಕೆ ಒತ್ತಿದ. ಅದೂ ಖಾಲಿ. "ಅಯ್ಯೋ ವೈಜೂ!" ಎಂದು ಬಾಗಿಲಿಗೆ ಓಡಿದ. ಬೀದಿಯಲ್ಲಿ ಅವಳಿರಲಿಲ್ಲ. ಫೋನೂ ಬಂದ್ ಆಗಿತ್ತು.

ಈಗ ನಾನು ಮೇಜಿನ ಡ್ರಾಯರಿನಲ್ಲಿ, ಸತ್ತ ಬ್ಯಾಟರಿಗಳ ಜೊತೆ ಬಿದ್ದಿದ್ದೇನೆ. ಪುರಂದರನ ಕೂದಲು ನರೆತಿದೆ. ಆಗಾಗ ನನ್ನನ್ನು ಎತ್ತಿಕೊಂಡು ಕಿವಿಯ ಹತ್ತಿರ ಅಲುಗಿಸುತ್ತಾನೆ. ಅವಳು ಎಲ್ಲಿದ್ದಾಳೆ ಎಂದು ಈ ಸಲವಾದರೂ ಕೇಳುತ್ತಾನೇನೋ ಎಂದು ಕಾಯುತ್ತೇನೆ. ಅವನು ಕೇಳುವುದೇ ಬೇರೆ.

"ನಿಜವಾಗ್ಲೂ ಹಾಗೇ ಬರ್ದಿದ್ಲಾ, ಇಲ್ಲಾ ನಾನೇ ತಪ್ಪು ಓದಿದ್ನಾ?"