ಪರಮೇಶ್ವರಪ್ಪನ ಮೆಗ್ನೀಸಿಯಂ

ಜಯಶೀಲಾಳ ಗಂಡ ಪರಮೇಶ್ವರಪ್ಪ ಗಂಟಲಿನ ಕ್ಯಾನ್ಸರ್ ಅಂದಾಗಲೂ ಹೆದರಿರಲಿಲ್ಲ. ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ಕರಗಿದ ಕಬ್ಬಿಣದ ಮುಂದೆ ಆಯಸ್ಸು ಕಳೆದ ಮನುಷ್ಯ, ಒಂದು ಗಡ್ಡೆಗೆ ಹೆದರುತ್ತಾನೆಯೇ! ಅಂಥವನು ಆವತ್ತು ಶಿವಮೊಗ್ಗದ ಆಸ್ಪತ್ರೆಯಲ್ಲಿ ಒಂದು ಡ್ರಿಪ್ ಬಾಟಲಿ ನೋಡಿ, ಮಂಚ ಇಳಿದು ಚಪ್ಪಲಿ ಹುಡುಕತೊಡಗಿದ.

ಹಿಂದಿನ ಕೀಮೋ ಆದಾಗಿನಿಂದ ಅವನ ಬೆರಳುಗಳು ಸೆಟೆದುಕೊಳ್ಳುತ್ತಿದ್ದವು. ಊಟಕ್ಕೆ ಕೂತಾಗ ಮುಷ್ಟಿ ಗಪ್ಪನೆ ಬಿಗಿದುಕೊಂಡರೆ ಜಯಶೀಲಾಳೇ ಒಂದೊಂದಾಗಿ ಬೆರಳು ಬಿಡಿಸಿ ತುತ್ತು ಕೊಡಬೇಕು. ಅದಕ್ಕೆ ಕಾರಣ ರಕ್ತಪರೀಕ್ಷೆಯಲ್ಲಿ ಸಿಕ್ಕಿತ್ತು. ಕೀಮೋ ಔಷಧಿಯಿಂದ ಮೈಯ ಮೆಗ್ನೀಸಿಯಂ ಮೂತ್ರದಲ್ಲಿ ಹರಿದುಹೋಗಿ ತೀರಾ ಇಳಿದಿದೆ, ಅದನ್ನು ತುಂಬಿಸದೆ ಇವತ್ತಿನ ಕೀಮೋ ಕೊಡುವುದಿಲ್ಲ ಎಂದು ಡಾಕ್ಟರ್ ಸೌಂದರ್ಯ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

"ಮೆಗ್ನೀಸಿಯಂ ಅಂದ್ರೇನು ಗೊತ್ತೇನೇ ನಿಂಗೆ?" ಪರಮೇಶ್ವರಪ್ಪ ಕೂಗಾಡಿದ. "ಕರಗಿದ ಕಬ್ಬಿಣಕ್ಕೆ ಚೂರು ಬಿದ್ರೆ ಸಾಕು, ಕಣ್ಣು ಕುಕ್ಕೋ ಹಾಗೆ ಭಗ್ ಅಂತ ಉರಿಯುತ್ತೆ. ಅದನ್ನ ನನ್ನ ನರಕ್ಕೆ ಬಿಡ್ತಾರಂತೆ! ನಡಿ ಮಾರಾಯ್ತಿ, ಭದ್ರಾವತಿ ಬಸ್ ಹಿಡಿಯೋಣ."

"ಯಜಮಾನ್ರೇ, ಅದು ಲೋಹ. ಇದು ಅದರ ಲವಣ, ನೀರಲ್ಲಿ ಕರಗಿಸಿರೋದು. ಉರಿಯಲ್ಲ," ಎಂದರು ಡಾಕ್ಟರ್.

ಆಸಾಮಿ ಬಗ್ಗಲಿಲ್ಲ. ಒಂದು ಚಪ್ಪಲಿ ಸಿಕ್ಕಿತು, ಇನ್ನೊಂದನ್ನು ಜಯಶೀಲಾ ಕಾಲಿನಿಂದ ಒತ್ತಿ ಹಿಡಿದಳು. ಕೀಮೋ ತಪ್ಪಿದರೆ ಈ ಗಂಡಸು ಉಳಿಯುತ್ತಾನೆಯೇ ಎಂಬ ಭಯ, ಸಿಟ್ಟು ಎರಡೂ ಒಟ್ಟಿಗೆ ನುಗ್ಗಿ ಬಂದವು.

"ರೀ, ಮದುವೆ ಆದಾಗಿಂದ ಊಟಕ್ಕೆ ಕೂತಾಗೆಲ್ಲ ನಿಮ್ಮ ಫೌಂಡ್ರಿ ಪುರಾಣ ಕೇಳಿದೀನಿ. ಮೆಗ್ನೀಸಿಯಂ ಹಾಕದ ಬೀಡು ಕಬ್ಬಿಣ ಸುತ್ತಿಗೆ ಏಟಿಗೆ ಪಟ್ ಅಂತ ಮುರಿಯುತ್ತೆ, ಹಾಕಿದ್ದು ಬಾಗುತ್ತೆ ಅಂದೋರು ಯಾರು? ಈಗ ಸೆಟೆದುಕೊಂಡು ಕೂತಿರೋ ಬೀಡು ಯಾವುದು? ನೀವೇ!"

ಪಕ್ಕದ ಮಂಚದವರು ನಕ್ಕೇಬಿಟ್ಟರು. ಹೆಂಡತಿ ತನ್ನ ಮಾತನ್ನು ಇಷ್ಟು ವರ್ಷ ಕಿವಿಗೊಟ್ಟು ಕೇಳಿದ್ದಾಳೆ ಅನ್ನುವುದೇ ಪರಮೇಶ್ವರಪ್ಪನಿಗೆ ಹೊಸ ಸುದ್ದಿ. ಮಂಚ ಹತ್ತಿ ತೋಳು ಚಾಚಿದ.

ಡ್ರಿಪ್ ಹನಿಯತೊಡಗಿತು. ಸ್ವಲ್ಪ ಹೊತ್ತಿಗೆ ಅವನ ಮುಖ ಕೆಂಪಾಯಿತು. "ಜಯಾ, ಹತ್ತಿಕೊಳ್ತು ಕಣೇ! ಮೈಯೆಲ್ಲ ಬಿಸಿ!"

ಜಯಶೀಲಾ ಡಾಕ್ಟರನ್ನು ಕೂಗಿದಳು. ಒತ್ತಾಯ ಮಾಡಿ ನಾನೇ ಕೊಂದೆನೇ? ಓಡಿಬಂದ ಡಾಕ್ಟರ್ ಡ್ರಿಪ್ ನಿಧಾನ ಮಾಡಿ, ಬಿಪಿ ನೋಡಿ ನಕ್ಕರು. "ಇದು ಕೊಡುವಾಗ ಸ್ವಲ್ಪ ಬಿಸಿ ಅನ್ನಿಸುತ್ತಮ್ಮ. ಎಲ್ಲ ಸರಿಯಾಗಿದೆ." ಆಮೇಲೆ ಕೀಮೋ ಕೂಡ ಆಯಿತು. ಬಸ್ಸಿನಲ್ಲಿ ಮಲವಗೊಪ್ಪ ದಾಟುವವರೆಗೂ ಜಯಶೀಲಾ ಅವನ ಹಣೆ ಮುಟ್ಟಿ ಮುಟ್ಟಿ ನೋಡುತ್ತಲೇ ಇದ್ದಳು.

ಮನೆಯಲ್ಲಿ ಮೆಗ್ನೀಸಿಯಂ ಮಾತ್ರೆ ಶುರುವಾಯಿತು. ಅದರಿಂದ ಹೊಟ್ಟೆ ಕೆಟ್ಟು ಪರಮೇಶ್ವರಪ್ಪ ಇಡೀ ಫೌಂಡ್ರಿಗೇ ಶಾಪ ಹಾಕಿದ. ಕೀಮೋದಿಂದ ಬಂದಿದ್ದ ಪಾದದ ಜೋಮು ಹೋಗಿರಲಿಲ್ಲ, ಬಾಯಿಗೆ ರುಚಿಯೂ ಬಂದಿರಲಿಲ್ಲ. ಆದರೂ ಒಂದು ಮಧ್ಯಾಹ್ನ ಮೆತ್ತಗಿನ ಅನ್ನ ಸಾರು ಬಡಿಸಿ ಜಯಶೀಲಾ ರೂಢಿಯಂತೆ ಅವನ ಬೆರಳು ಬಿಡಿಸಲು ಕೈ ಚಾಚಿದಾಗ, ಅಲ್ಲಿ ಬಿಡಿಸುವುದಕ್ಕೆ ಮುಷ್ಟಿಯೇ ಇರಲಿಲ್ಲ.

ಅವನು ಬೆರಳುಗಳನ್ನು ಮಡಿಸಿದ, ಚಾಚಿದ, ಮತ್ತೆ ಮಡಿಸಿದ.

"ನೋಡೇ, ಬಾಗ್ತಿದೆ!" ಎಂದು ಕೂಗಿದ. "ಮುರೀಲಿಲ್ಲ ಕಣೇ!"

ಜಯಶೀಲಾಳಿಗೆ ಕುಣಿಯುವಷ್ಟು ಸಂತೋಷವಾಯಿತು, ಕಣ್ಣಲ್ಲಿ ನೀರೂ ಬಂತು. ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಅನ್ನ ಕಲಸಿ, ಮೊದಲ ತುತ್ತನ್ನು ಅವಳ ಬಾಯಿಗೇ ಇಟ್ಟ.