ಮೀನಿನ ಪಾಲಿನ ಐಸು

ಮೈದುನ ಫ್ರಿಜ್ಜಿನ ಮೇಲಿನ ಖಾನೆಯಿಂದ ಬಾಟಲಿಗಳನ್ನು ಒಂದೊಂದಾಗಿ ಕಿತ್ತು ಬಕೆಟ್ಟಿಗೆ ಹಾಕುತ್ತಿದ್ದರೆ ಅವಳು ಎಣಿಸುತ್ತ ನಿಂತಿದ್ದಳು. ಎಲ್ಲವೂ ನೀರು ತುಂಬಿ ಕಲ್ಲಾಗಿದ್ದ ಹಳೆಯ ಬಾಟಲಿಗಳು. ಗಂಡ ನಿನ್ನೆ ಸಂಜೆ ಇಟ್ಟವು. ಬೆಳಗಾಗುವಷ್ಟರಲ್ಲಿ ಇಟ್ಟವನೇ ಇರಲಿಲ್ಲ.

"ಸದ್ಯ, ಅಣ್ಣ ಇಷ್ಟಾದರೂ ಇಟ್ಟಿದ್ದಾನೆ," ಎಂದ ಮೈದುನ.

ಶವ ಇಡುವ ತಂಪು ಪೆಟ್ಟಿಗೆ ಎಲ್ಲೂ ಸಿಕ್ಕಿರಲಿಲ್ಲ. ಈ ಬಿಸಿಲಿಗೆ ಸಾಯುವವರೇ ಹೆಚ್ಚಾಗಿದ್ದಾರೆ ಎಂದು ಪೆಟ್ಟಿಗೆಯವನು ಫೋನಿನಲ್ಲೇ ಕೈಚೆಲ್ಲಿದ್ದ. ಐಸ್ ಕಾರ್ಖಾನೆಯ ಗಾಡಿಯವನು ಈಗ ಬಂದೆ, ಆಗ ಬಂದೆ ಎನ್ನುತ್ತಲೇ ಇದ್ದ. ಮಗಳು ರೈಲಿನಲ್ಲಿದ್ದಳು, ಸಂಜೆಗೆ ಮುಟ್ಟುತ್ತಾಳೆ. ಅಲ್ಲಿಯವರೆಗೆ ದೇಹ ಕೆಡಬಾರದು. ಮನೆ ತುಂಬ ಅದೇ ಚಿಂತೆ.

ಅವಳಿಗೆ ಇನ್ನೊಂದು ಚಿಂತೆಯಿತ್ತು. ಅಂಥ ದಿನ ಅದನ್ನು ಬಾಯಿಬಿಟ್ಟು ಹೇಳುವ ಹಾಗೂ ಇರಲಿಲ್ಲ. ಆ ಬಾಟಲಿಗಳು ಮೀನಿನವು.

ಹಾಲಿನ ಮೂಲೆಯ ಗಾಜಿನ ತೊಟ್ಟಿಯಲ್ಲಿ ಚಿನ್ನದ ಬಣ್ಣದ ಮೂರು ಮೀನು. ನೀರು ಕಾದರೆ ಅವಕ್ಕೆ ಉಸಿರು ಸಾಲದು. ಅದಕ್ಕೇ ಗಂಡ ಬೇಸಿಗೆಯಿಡೀ ತೊಟ್ಟಿಯ ಮುಚ್ಚಳ ತೆಗೆದು, ನೀರಿಗೆ ಟೇಬಲ್ ಫ್ಯಾನಿನ ಗಾಳಿ ಕೊಟ್ಟು, ಒಂದು ಬಾಟಲಿ ಕರಗಿದ ಮೇಲೆ ಇನ್ನೊಂದನ್ನು ತೇಲಿಬಿಡುತ್ತಿದ್ದ. ಈಗ ಫ್ಯಾನನ್ನು ಯಾರೋ ಬಂದವರ ಕಡೆಗೆ ತಿರುಗಿಸಿದ್ದರು. ಅವರಿಗೂ ಸೆಕೆ, ಪಾಪ. ಮೈದುನ ಬಾಟಲಿಗಳನ್ನು ಅಣ್ಣನ ಎರಡೂ ಪಕ್ಕಕ್ಕೆ ಒತ್ತೊತ್ತಾಗಿ ಜೋಡಿಸಿದ.

*

ಗಂಡ ಆಸ್ಪತ್ರೆಯೊಂದರಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದವನು. ದಿನವಿಡೀ ಹಬೆಯಲ್ಲಿ ಬೆಂದು ಬಂದವನೇ ಶರ್ಟು ಕೂಡ ಬಿಚ್ಚದೆ ತೊಟ್ಟಿಯ ಮುಂದೆ ಕೂರುತ್ತಿದ್ದ. ಊಟಕ್ಕೆ ಕರೆದೂ ಕರೆದೂ ಅವಳ ಗಂಟಲು ಒಣಗಬೇಕು. ಆ ಮೂವರು ಸವತಿಯರು ಬಿಟ್ಟರೆ ಬನ್ನಿ ಎಂದು ಚುಚ್ಚಿದರೂ ನಕ್ಕುಬಿಡುತ್ತಿದ್ದ.

ಒಂದು ಬೇಸಿಗೆ ಅವಳು ಜ್ವರ ಬಂದು ಮಲಗಿದ್ದಾಗ ಮಧ್ಯಾಹ್ನ ಕರೆಂಟು ಹೋಯಿತು. ಅವನು ಮಂಚಕ್ಕೂ ತೊಟ್ಟಿಗೂ ನಡುವೆ ಸ್ಟೂಲು ಹಾಕಿಕೊಂಡ. ಒಂದು ಕೈಯಲ್ಲಿ ರಟ್ಟು ಹಿಡಿದು ಅವಳಿಗೆ ಗಾಳಿ ಹಾಕಿದ, ಇನ್ನೊಂದು ಕೈಯಲ್ಲಿ ಲೋಟದಿಂದ ತೊಟ್ಟಿಯ ನೀರು ಮೊಗೆದು, ಗಾಳಿ ಬೆರೆಯಲೆಂದು ಮತ್ತೆ ಅದಕ್ಕೇ ಮೇಲಿಂದ ಸುರಿದ. ಅವಳಿಗೆ ಮೈಯೆಲ್ಲ ಉರಿದುಹೋಯಿತು, ಜ್ವರಕ್ಕಲ್ಲ.

"ನಾನೂ ಮೀನೂ ಒಂದೇನಾ ನಿಮಗೆ?"

"ನಿನಗೆ ಸೆಕೆಯಾದ್ರೆ ನನ್ನನ್ನ ಬೈತೀಯ, ಗೊತ್ತಾಗುತ್ತೆ," ಎಂದ ಅವನು, ಎರಡೂ ಕೈ ನಿಲ್ಲಿಸದೆ. "ಅವು ಯಾರನ್ನ ಬೈಬೇಕು?"

ಅವಳು ಗೋಡೆಯ ಕಡೆ ಹೊರಳಿ ಮಲಗಿದಳು. ಆ ಸಿಟ್ಟು ವರ್ಷಗಟ್ಟಲೆ ಇಳಿಯಲಿಲ್ಲ.

*

ಮಧ್ಯಾಹ್ನವಾದರೂ ಐಸಿನ ಗಾಡಿ ಬರಲಿಲ್ಲ. ಬಂದವರು ಹೇಳಿದ್ದನ್ನೇ ಹೇಳಿ ಸಮಾಧಾನ ಮಾಡಿದರು. ಅವಳು ತಲೆಯಾಡಿಸಿ ಆಡಿಸಿ ಸೋತಿದ್ದಳು. ಅಳುವುದಕ್ಕೂ ತ್ರಾಣವಿರಲಿಲ್ಲ. ತೊಟ್ಟಿಯಲ್ಲಿ ಮೂರೂ ಮೀನು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಇಷ್ಟು ವರ್ಷ ಅವನ್ನು ಶಪಿಸಿದವಳಿಗೆ ಆ ಬಾಯಿಗಳನ್ನು ನೋಡುತ್ತ ಕೂರಲಾಗಲಿಲ್ಲ.

ಅವಳು ಎದ್ದು ಮೈದುನನ ಬಳಿ ಹೋಗಿ, ತೊಟ್ಟಿಗೆ ಒಂದೆರಡು ಬಾಟಲಿ ಬೇಕು ಎಂದಳು.

ಅವನು ಮಿಕಮಿಕ ನೋಡಿದ. "ಅಣ್ಣನಿಗೇ ಸಾಲ್ತಿಲ್ಲವಲ್ಲ, ಅತ್ತಿಗೆ."

"ನಿಮ್ಮಣ್ಣನಿಗೆ ಇನ್ನು ಸೆಕೆಯಾಗಲ್ಲಪ್ಪ."

ಅವಳು ಗಂಡನ ಬಲಪಕ್ಕದಿಂದ ಒಂದು ಬಾಟಲಿ ತೆಗೆದು, ಸೆರಗಿನಲ್ಲಿ ಒರೆಸಿ, ತೊಟ್ಟಿಯಲ್ಲಿ ತೇಲಿಬಿಟ್ಟಳು. ಅದು ಕರಗಿದಾಗ ಇನ್ನೊಂದು. ಎಡಗಡೆ ಜನ ಕೂತಿದ್ದರು, ಅವರ ಕಣ್ಣೆದುರು ಕೈಹಾಕುವ ಧೈರ್ಯ ಬರದೆ ಪ್ರತಿಸಲವೂ ಬಲಗಡೆಯಿಂದಲೇ ತೆಗೆದಳು. ಗಂಡನಿಗಿಂತ ಮೀನು ಹೆಚ್ಚಾಯಿತು ನೋಡಿ ಎಂದು ಮಹಡಿಮನೆಯಾಕೆ ಪಿಸುಗುಟ್ಟಿದ್ದು ಅವಳ ಕಿವಿಗೂ ಬಿತ್ತು. ಸಂಜೆಯ ಹೊತ್ತಿಗೆ ಮೀನುಗಳು ತಳಕ್ಕಿಳಿದವು. ಗಂಡನ ಬಲಪಕ್ಕ ಬರಿದಾಗಿತ್ತು. ಮಗಳು ಬಂದಾಗ ಅಪ್ಪ ಕೆಟ್ಟಿದ್ದರೆ ಏನು ಹೇಳುವುದು? ಮೀನಿಗೆ ಕೊಟ್ಟೆ ಅನ್ನುವುದೇ?

ಮಗಳು ಚೀಲವನ್ನೂ ಇಳಿಸದೆ ಬಂದು ಅಪ್ಪನ ಬಲಕ್ಕೇ ಕುಸಿದು ಕೂತಳು. ಮಗಳು ಬಾಗಿ ಅಪ್ಪನ ಅಂಗೈಯ ಮೇಲೆ ಕೆನ್ನೆಯಿಟ್ಟಳು. ಬಹಳ ಹೊತ್ತು ಅಲುಗಲಿಲ್ಲ.

"ಅಮ್ಮಾ," ಎಂದಳು ಆಮೇಲೆ, "ಅಪ್ಪನ ಕೈ ಇನ್ನೂ ಬೆಚ್ಚಗಿದೆ."

ಏನೋ ಹೇಳಹೊರಟ ಮೈದುನ ಅತ್ತಿಗೆಯ ಮುಖ ನೋಡಿ ಸುಮ್ಮನಾದ. ಚಟ್ಟ ಹೊರಲು ಬಂದವರು ಬಾಗಿಲಲ್ಲೇ ನಿಂತರು. ಅವಳು ಮಗಳ ಪಕ್ಕ ಮೆಲ್ಲಗೆ ಕೂತು, ಆ ಕೆನ್ನೆಯ ಅಡಿಯಿಂದ ಹೊರಗುಳಿದಿದ್ದ ಎರಡು ಬೆರಳುಗಳನ್ನು ಹಿಡಿದುಕೊಂಡಳು.